ಡೌನ್ ಸಿಂಡ್ರೋಮ್ ಮಕ್ಕಳ ಲಾಲಾಗ್ರಂಥಿ: ಜೊಲ್ಲು ಸುರಿಯುತ್ತಿದ್ದರೂ ಬಾಯಿ ಒಣಗಿರಬಹುದು!

ಅಂಗಿಯ ಎದೆಭಾಗ ಸದಾ ಒದ್ದೆ. ಗಲ್ಲದ ಕೆಳಗೆ ಕೆಂಪಗಾಗಿ ಒರಟಾದ ಚರ್ಮ. ಅರೆತೆರೆದ ಬಾಯಿ, ತುಸು ಹೊರಚಾಚಿದ ನಾಲಿಗೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳ ಅನೇಕ ಮನೆಗಳಲ್ಲಿ ಇದು ದಿನನಿತ್ಯದ ನೋಟ. ನೋಡಿದವರು 'ಮಗುವಿಗೆ ಜೊಲ್ಲು ಜಾಸ್ತಿ' ಎಂದು ಸುಲಭವಾಗಿ ತೀರ್ಮಾನಿಸುತ್ತಾರೆ. ಬಸುರಿಯ ಬಯಕೆ ತೀರಿಸದೇ ಹೋದದ್ದರಿಂದ ಹೀಗಾಯಿತೆಂದು ತಾಯಿಯ ಕಡೆಗೇ ಬೆರಳು ತೋರಿಸುವವರೂ ಉಂಟು. ಜೊಲ್ಲು ನಿಲ್ಲಿಸುವ ಔಷಧಿ ಕೊಡಿ ಎಂದು ವೈದ್ಯರಿಗೆ ದುಂಬಾಲು ಬೀಳುವ ಪೋಷಕರಿಗೂ ಕೊರತೆಯಿಲ್ಲ.

ಆದರೆ ವೈದ್ಯಕೀಯ ಅಧ್ಯಯನಗಳು ಹೇಳುವುದೇ ಬೇರೆ. ಈ ಮಕ್ಕಳ ಲಾಲಾಗ್ರಂಥಿಗಳು ಇತರ ಮಕ್ಕಳಿಗಿಂತ ಹೆಚ್ಚು ರಸ ಸುರಿಸುವುದಿಲ್ಲ. ಹಲವರಲ್ಲಿ ಕಡಿಮೆಯನ್ನೇ ಸ್ರವಿಸುತ್ತವೆ. ಬಾಯಿಂದ ಹೊರಗೆ ಸುರಿಯುವುದು ಮಿಕ್ಕಿದ ಜೊಲ್ಲಲ್ಲ, ನುಂಗದೇ ಉಳಿದ ಜೊಲ್ಲು. ಈ ಒಂದು ವ್ಯತ್ಯಾಸ ಅರಿಯದೇ ಇದ್ದರೆ, ಮೊದಲೇ ಕೊರತೆಯಿರುವ ಬಾಯಿಯನ್ನು ಔಷಧಿಯಿಂದ ಇನ್ನಷ್ಟು ಒಣಗಿಸಿದಂತಾಗುತ್ತದೆ. ಅದರ ಬೆಲೆಯನ್ನು ಮುಂದೆ ತೆರಬೇಕಾದದ್ದು ಮಗುವಿನ ಹಲ್ಲು ಮತ್ತು ವಸಡುಗಳು.

ಏನಿದು ಡೌನ್ ಸಿಂಡ್ರೋಮ್?

ಮನುಷ್ಯನ ಜೀವಕೋಶದಲ್ಲಿ ಸಾಮಾನ್ಯವಾಗಿ 23 ಜೋಡಿ, ಅಂದರೆ 46 ವರ್ಣತಂತುಗಳಿರುತ್ತವೆ. 21ನೇ ವರ್ಣತಂತು ಎರಡರ ಬದಲು ಮೂರಿದ್ದಾಗ ಉಂಟಾಗುವ ಸ್ಥಿತಿಯೇ ಡೌನ್ ಸಿಂಡ್ರೋಮ್. ಇಂಗ್ಲೆಂಡಿನ ವೈದ್ಯ ಜಾನ್ ಲ್ಯಾಂಗ್‌ಡನ್ ಡೌನ್ 1866ರಲ್ಲಿ ಇದರ ಲಕ್ಷಣಗಳನ್ನು ವಿವರಿಸಿದ. ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತು ಸಂಗಡಿಗರು 1959ರಲ್ಲಿ ಹೆಚ್ಚುವರಿ ವರ್ಣತಂತುವೇ ಕಾರಣವೆಂದು ಪ್ರಕಟಿಸಿದರು. ಮೂರು ಪ್ರತಿಗಳ 21ನೇ ವರ್ಣತಂತುವಿನ ನೆನಪಿಗೆಂದೇ ವರ್ಷದ ಮೂರನೇ ತಿಂಗಳ 21ನೇ ದಿನ, ಮಾರ್ಚ್ 21ನ್ನು ವಿಶ್ವ ಡೌನ್ ಸಿಂಡ್ರೋಮ್ ದಿನವಾಗಿ ಆಚರಿಸಲಾಗುತ್ತಿದೆ. 2012ರಿಂದ ಈ ಆಚರಣೆಗೆ ವಿಶ್ವಸಂಸ್ಥೆಯ ಮನ್ನಣೆಯೂ ಇದೆ.

ಇದು ಅಂಟುರೋಗವಲ್ಲ, ತಾಯಿ ತಂದೆಯರ ತಪ್ಪಿನಿಂದ ಬರುವುದೂ ಅಲ್ಲ. ವಿಶ್ವದಲ್ಲಿ ಸರಿಸುಮಾರು 700ರಿಂದ 1,000 ಜನನಗಳಿಗೆ ಒಂದರಂತೆ ಕಂಡುಬರುತ್ತದೆ. ಕಲಿಕೆಯಲ್ಲಿ ನಿಧಾನಗತಿ, ಸ್ನಾಯುಗಳಲ್ಲಿ ಬಿಗಿ ಕಡಿಮೆ ಇರುವುದು, ಸರಿಸುಮಾರು ಅರ್ಧದಷ್ಟು ಮಕ್ಕಳಲ್ಲಿ ಹುಟ್ಟಿನಿಂದಲೇ ಹೃದಯದ ದೋಷ, ಥೈರಾಯ್ಡ್ ಕೊರತೆ ಇದರ ಜೊತೆಗೆ ಬರಬಹುದಾದ ತೊಂದರೆಗಳು.

ಗಮನಿಸಬೇಕಾದ ಇನ್ನೊಂದು ಸಂಗತಿ ಆಯುಷ್ಯದ್ದು. ಅಮೆರಿಕದಲ್ಲಿ 1983ರಲ್ಲಿ ಡೌನ್ ಸಿಂಡ್ರೋಮ್ ಇದ್ದವರ ಆಯುಷ್ಯ ಸುಮಾರು 25 ವರ್ಷವಾಗಿತ್ತು. ಹೃದಯ ಶಸ್ತ್ರಚಿಕಿತ್ಸೆ ಸುಧಾರಿಸಿದಂತೆ ಈಗ ಅದು 60ರ ಆಸುಪಾಸಿಗೆ ಬಂದಿದೆ. ಅಂದರೆ ಇಂದು ಹುಟ್ಟಿದ ಮಗುವಿಗೆ ಅದರ ಹಲ್ಲುಗಳು ಹಲವು ದಶಕಗಳ ಕಾಲ ಬೇಕು. ಬಾಯಿಯ ಆರೋಗ್ಯವನ್ನು 'ಆಮೇಲೆ ನೋಡಿದರಾಯಿತು' ಎಂದು ಮುಂದೂಡುವ ಕಾಲ ಇದಲ್ಲ.

ಲಾಲಾರಸದ ಕೆಲಸವೇನು?

ನಮ್ಮ ಬಾಯಿಯ ಸುತ್ತ ಮೂರು ಜೋಡಿ ಪ್ರಮುಖ ಲಾಲಾಗ್ರಂಥಿಗಳಿವೆ. ಕಿವಿಯ ಮುಂಭಾಗದಲ್ಲಿ, ಕೆನ್ನೆಯಲ್ಲಿ ಹರಡಿಕೊಂಡಿರುವುದು ಪರೋಟಿಡ್ ಗ್ರಂಥಿ. ಮಂಗನಬಾವು ಬಂದಾಗ ಊದಿಕೊಳ್ಳುವುದು ಇದೇ. ಕೆಳದವಡೆಯ ಅಡಿಯಲ್ಲಿ ಸಬ್‌ಮ್ಯಾಂಡಿಬ್ಯುಲರ್ ಗ್ರಂಥಿ, ನಾಲಿಗೆಯ ಅಡಿಯಲ್ಲಿ ಸಬ್‌ಲಿಂಗ್ವಲ್ ಗ್ರಂಥಿ ಇವೆ. ಇವಲ್ಲದೆ ತುಟಿ, ಕೆನ್ನೆ, ಅಂಗುಳಗಳಲ್ಲಿ ನೂರಾರು ಸಣ್ಣ ಗ್ರಂಥಿಗಳಿವೆ. ತಾಯಿಯ ಗರ್ಭದಲ್ಲಿ ಆರರಿಂದ ಎಂಟನೇ ವಾರದ ಸುಮಾರಿಗೆ ಪ್ರಮುಖ ಗ್ರಂಥಿಗಳು ಮೊಳೆಯತೊಡಗುತ್ತವೆ.

ಆರೋಗ್ಯವಂತ ವಯಸ್ಕರಲ್ಲಿ ದಿನಕ್ಕೆ ಅರ್ಧದಿಂದ ಒಂದೂವರೆ ಲೀಟರ್‌ನಷ್ಟು ಲಾಲಾರಸ ಸ್ರವಿಸುತ್ತದೆ. ಸುಮ್ಮನೆ ಕುಳಿತಾಗ ಬರುವ ರಸದ ಹೆಚ್ಚಿನ ಪಾಲು ಸಬ್‌ಮ್ಯಾಂಡಿಬ್ಯುಲರ್ ಗ್ರಂಥಿಯದು. ಊಟ ಕಂಡಾಗ, ಅಗಿಯುವಾಗ ಪರೋಟಿಡ್ ಗ್ರಂಥಿ ಚುರುಕಾಗುತ್ತದೆ. ಹುಣಸೆಹಣ್ಣು ನೆನೆದರೆ ಬಾಯಲ್ಲಿ ನೀರೂರುವುದು ಎಲ್ಲರ ಅನುಭವ.

ಈ ರಸದ 99 ಪಾಲು ನೀರೇ. ಆದರೆ ಉಳಿದ ಒಂದು ಪಾಲಿನಲ್ಲಿ ಬಹಳಷ್ಟು ಅಡಗಿದೆ. ಹಲ್ಲನ್ನು ಕೊರೆಯುವ ಆಮ್ಲವನ್ನು ತಗ್ಗಿಸುವ ಬೈಕಾರ್ಬೊನೇಟ್, ಸವೆದ ಎನಾಮಲ್ ಪದರಕ್ಕೆ ಮರಳಿ ಬಲ ತುಂಬುವ ಕ್ಯಾಲ್ಸಿಯಂ ಮತ್ತು ಫಾಸ್ಫೇಟ್, ಸೂಕ್ಷ್ಮಾಣುಗಳ ವಿರುದ್ಧ ಹೋರಾಡುವ ಐಜಿಎ ಪ್ರತಿಕಾಯ ಮತ್ತು ಲೈಸೋಜೈಮ್, ತುತ್ತನ್ನು ಜಾರುವಂತೆ ಮಾಡುವ ಲೋಳೆ, ಪಿಷ್ಟವನ್ನು ಕರಗಿಸುವ ಅಮೈಲೇಸ್ ಇದರಲ್ಲಿವೆ. ಲಾಲಾರಸ ಕಡಿಮೆಯಾದರೆ ಬಾಯಿ ತನ್ನ ಕಾವಲುಗಾರನನ್ನೇ ಕಳೆದುಕೊಂಡಂತೆ.

ಗ್ರಂಥಿಗಳಲ್ಲಿ ಕಾಣುವ ವ್ಯತ್ಯಾಸ

ಡೌನ್ ಸಿಂಡ್ರೋಮ್ ಇರುವವರ ಲಾಲಾರಸದ ಬಗ್ಗೆ 1970ರ ದಶಕದಿಂದಲೇ ಅಧ್ಯಯನಗಳು ನಡೆದಿವೆ. 2002ರಲ್ಲಿ ಇಸ್ರೇಲ್ ಮತ್ತು ಬ್ರೆಜಿಲ್ ಸಂಶೋಧಕರ ಎರಡು ಪ್ರತ್ಯೇಕ ವರದಿಗಳು ಪ್ರಕಟವಾದವು. ಇಸ್ರೇಲಿನ ವರದಿ ಪರೋಟಿಡ್ ಗ್ರಂಥಿಯ ರಸವನ್ನು, ಬ್ರೆಜಿಲ್‌ನ ವರದಿ ಮಕ್ಕಳ ಬಾಯಿಯ ಒಟ್ಟು ರಸವನ್ನು ಅಳೆದಿತ್ತು. ಡೌನ್ ಸಿಂಡ್ರೋಮ್ ಇದ್ದವರಲ್ಲಿ ರಸದ ಹರಿವು ಕಡಿಮೆ ಎಂಬ ವಿಷಯದಲ್ಲಿ ಎರಡೂ ಒಂದೇ ದಿಕ್ಕಿಗೆ ಬೆರಳು ತೋರಿಸಿದವು.

2013ರಲ್ಲಿ ಇಸ್ರೇಲಿನ ವೈದ್ಯರ ತಂಡವೊಂದು ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಡೌನ್ ಸಿಂಡ್ರೋಮ್ ಇರುವ ಕೆಲವರಲ್ಲಿ ಪ್ರಮುಖ ಲಾಲಾಗ್ರಂಥಿಗಳು ಹುಟ್ಟಿನಿಂದಲೇ ಇಲ್ಲದಿರುವುದನ್ನು ಆ ತಂಡ ಮಕ್ಕಳ ವೈದ್ಯಕೀಯ ಪತ್ರಿಕೆಯಲ್ಲಿ ವರದಿ ಮಾಡಿತು. ಎಲ್ಲ ಮಕ್ಕಳಲ್ಲೂ ಹೀಗಿರುವುದಿಲ್ಲ ಎಂಬುದನ್ನು ಇಲ್ಲಿ ಒತ್ತಿ ಹೇಳಬೇಕು. ಆದರೆ ಬಾಯಿ ಸದಾ ಒಣಗಿರುವ ಮಗುವಿನಲ್ಲಿ ಗ್ರಂಥಿಗಳು ಇವೆಯೇ, ಇದ್ದರೆ ಎಷ್ಟು ಬೆಳೆದಿವೆ ಎಂದು ಪರಿಶೀಲಿಸಲು ಇದು ಕಾರಣ ಒದಗಿಸುತ್ತದೆ.

ರಸದ ಪ್ರಮಾಣದ ಜೊತೆಗೆ ಅದರ ಗುಣದಲ್ಲೂ ವ್ಯತ್ಯಾಸಗಳಿವೆ. ಪ್ರೋಟೀನು, ಸೋಡಿಯಂ ಮುಂತಾದ ಅಂಶಗಳ ಸಾಂದ್ರತೆ ಬೇರೆಯಾಗಿರುವುದನ್ನು ಅಧ್ಯಯನಗಳು ದಾಖಲಿಸಿವೆ. ಇಲ್ಲೊಂದು ಲೆಕ್ಕವನ್ನು ಅರ್ಥಮಾಡಿಕೊಳ್ಳಬೇಕು. ಒಂದು ಲೋಟ ಮಜ್ಜಿಗೆಗೆ ಹಾಕುವ ಉಪ್ಪನ್ನು ಅರ್ಧ ಲೋಟಕ್ಕೇ ಹಾಕಿದರೆ ಮಜ್ಜಿಗೆ ಹೆಚ್ಚು ಉಪ್ಪಾಗುತ್ತದೆ. ಉಪ್ಪು ಮಾತ್ರ ಅಷ್ಟೇ. ಹಾಗೆಯೇ ರಸದಲ್ಲಿ ನೀರಿನಂಶ ಕಡಿಮೆಯಾದಾಗ ಪ್ರತಿಕಾಯಗಳ ಸಾಂದ್ರತೆ ಹೆಚ್ಚಿದಂತೆ ತೋರಬಹುದು. ಆದರೆ ನಿಮಿಷಕ್ಕೆ ಬಾಯಿಗೆ ಬಂದು ಸೇರುವ ಒಟ್ಟು ಪ್ರಮಾಣ ಕಡಿಮೆಯೇ ಇರಬಹುದು. ಅಧ್ಯಯನಗಳ ಫಲಿತಾಂಶಗಳು ಕೆಲವೊಮ್ಮೆ ಒಂದಕ್ಕೊಂದು ಹೊಂದದಿರಲು ಇದೂ ಒಂದು ಕಾರಣ. ಮಕ್ಕಳ ವಯಸ್ಸು, ರಸ ಸಂಗ್ರಹಿಸಿದ ಹೊತ್ತು, ಅಗಿಸಿ ತೆಗೆದದ್ದೋ ಸುಮ್ಮನೆ ತೆಗೆದದ್ದೋ ಎಂಬುದೂ ಲೆಕ್ಕಕ್ಕೆ ಬರುತ್ತದೆ.

ಹಾಗಾದರೆ ಜೊಲ್ಲು ಸುರಿಯುವುದೇಕೆ?

ಎಚ್ಚರವಿದ್ದಾಗ ನಾವು ಸುಮಾರು ನಿಮಿಷಕ್ಕೊಮ್ಮೆ ನಮಗರಿವಿಲ್ಲದೆಯೇ ಜೊಲ್ಲು ನುಂಗುತ್ತಿರುತ್ತೇವೆ. ಇದಕ್ಕೆ ತುಟಿ ಮುಚ್ಚಬೇಕು, ನಾಲಿಗೆ ಮೇಲೆದ್ದು ಅಂಗುಳಕ್ಕೆ ಒತ್ತಬೇಕು, ಗಂಟಲು ಹೊತ್ತಿಗೆ ಸರಿಯಾಗಿ ಸ್ಪಂದಿಸಬೇಕು. ಡೌನ್ ಸಿಂಡ್ರೋಮ್ ಇರುವ ಮಗುವಿನಲ್ಲಿ ಈ ಮೂರರಲ್ಲೂ ತೊಡಕಿದೆ. ತುಟಿ, ಕೆನ್ನೆ, ನಾಲಿಗೆಯ ಸ್ನಾಯುಗಳು ಸಡಿಲ. ಮುಖದ ಮಧ್ಯಭಾಗ ಮತ್ತು ಮೇಲ್ದವಡೆ ಚಿಕ್ಕವು, ಅಂಗುಳ ಕಿರಿದು. ಹೀಗಾಗಿ ಇರುವ ಜಾಗದಲ್ಲಿ ನಾಲಿಗೆಗೆ ಎಡೆ ಸಾಲದೆ ಅದು ಮುಂದಕ್ಕೆ ಚಾಚಿಕೊಳ್ಳುತ್ತದೆ.

ಇದರೊಂದಿಗೆ ಮೂಗಿನ ದಾರಿಯೂ ಕಿರಿದು. ಅಡಿನಾಯ್ಡ್, ಟಾನ್ಸಿಲ್ ದೊಡ್ಡದಾಗಿದ್ದರೆ ಮಗು ಬಾಯಿಂದಲೇ ಉಸಿರಾಡುತ್ತದೆ. ತೆರೆದ ಬಾಯಿಯಿಂದ ಜೊಲ್ಲು ಮುಂದೆ ಸುರಿಯುತ್ತದೆ. ಅದೇ ಬಾಯಿಯೊಳಗೆ ಗಾಳಿಯಾಡಿ ಅಂಗುಳ, ನಾಲಿಗೆ, ಮುಂಭಾಗದ ವಸಡು ಒಣಗುತ್ತವೆ. ಗಲ್ಲ ಒದ್ದೆ, ಬಾಯಿ ಒಣ ಎಂಬ ವಿಚಿತ್ರ ಸ್ಥಿತಿ ಉಂಟಾಗುವುದು ಹೀಗೆ. ಬಿರಿದ ತುಟಿ, ಸೀಳು ಬಿದ್ದ ನಾಲಿಗೆ, ಬಾಯಿಯ ಮೂಲೆಯಲ್ಲಿ ಹುಣ್ಣು ಇವರಲ್ಲಿ ಸಾಮಾನ್ಯವಾಗಿ ಕಾಣಿಸುತ್ತವೆ.

ಸಾಮಾನ್ಯ ಮಕ್ಕಳಲ್ಲೂ ಒಂದೂವರೆ, ಎರಡು ವರ್ಷದವರೆಗೆ ಜೊಲ್ಲು ಸುರಿಯುವುದು ಸಹಜ. ನಾಲ್ಕು ವರ್ಷದ ನಂತರವೂ ಎಚ್ಚರವಿದ್ದಾಗ ಸುರಿಯುತ್ತಿದ್ದರೆ ಅದನ್ನು ತೊಂದರೆಯೆಂದು ಪರಿಗಣಿಸಲಾಗುತ್ತದೆ. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಎಲ್ಲ ಬೆಳವಣಿಗೆಯೂ ತುಸು ತಡವಾಗುವುದರಿಂದ ಬಾಯಿಯ ಹಿಡಿತವೂ ತಡವಾಗಿಯೇ ಬರುತ್ತದೆ. ಸೂಕ್ತ ತರಬೇತಿಯಿಂದ ಅನೇಕರಲ್ಲಿ ಇದು ಸುಧಾರಿಸುತ್ತದೆ.

ಹುಳುಕು ಕಡಿಮೆ, ವಸಡಿನ ರೋಗ ಹೆಚ್ಚು

ಲಾಲಾರಸ ಕಡಿಮೆಯಾದರೆ ಹಲ್ಲು ಹುಳುಕಾಗಬೇಕು. ಆದರೆ ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಹುಳುಕು ಕಡಿಮೆ ಎಂದೇ ಹಲವು ಅಧ್ಯಯನಗಳು ಕಂಡುಕೊಂಡಿವೆ. ಇದಕ್ಕೆ ಕಾರಣಗಳಿವೆ. ಇವರಿಗೆ ಹಲ್ಲು ಬರುವುದೇ ತಡ. ಮೊದಲ ಹಾಲುಹಲ್ಲು ಒಂದು ವರ್ಷ ದಾಟಿದ ಮೇಲೆ, ಕೆಲವರಿಗೆ ಎರಡನೇ ವರ್ಷದ ಹೊತ್ತಿಗೆ ಮೂಡುವುದುಂಟು. ಹಲ್ಲುಗಳು ಚಿಕ್ಕವು, ಕೆಲವು ಹುಟ್ಟುವುದೇ ಇಲ್ಲ. ಹೀಗಾಗಿ ನಡುವೆ ಸಂದು ಹೆಚ್ಚಿದ್ದು ಆಹಾರ ಸಿಕ್ಕಿಕೊಳ್ಳುವುದು ಕಡಿಮೆ. ಹಲ್ಲು ಕಡಿಯುವ ಅಭ್ಯಾಸದಿಂದ ದವಡೆಹಲ್ಲಿನ ಗುಳಿಗಳು ಸವೆದು ಚಪ್ಪಟೆಯಾಗುವುದೂ ಇದೆ.

ಇದನ್ನು ಕಂಡು ನಿಶ್ಚಿಂತರಾಗುವಂತಿಲ್ಲ. ರಾತ್ರಿ ಸಕ್ಕರೆ ಹಾಕಿದ ಹಾಲಿನ ಬಾಟಲಿ, ಸಿಹಿ ಸಿರಪ್‌ಗಳು, ಬಾಯಿ ಒಣಗಿಸುವ ಔಷಧಿಗಳು ಸೇರಿದರೆ ಈ ರಕ್ಷಣೆ ಉಳಿಯದು.

ನಿಜವಾದ ಅಪಾಯವಿರುವುದು ವಸಡಿನಲ್ಲಿ. ಡೌನ್ ಸಿಂಡ್ರೋಮ್ ಇರುವವರಲ್ಲಿ ವಸಡಿನ ರೋಗ ಚಿಕ್ಕ ವಯಸ್ಸಿನಲ್ಲೇ ಆರಂಭವಾಗಿ ವೇಗವಾಗಿ ಉಲ್ಬಣಿಸುತ್ತದೆ. ದೇಹದ ರೋಗನಿರೋಧಕ ಕಣಗಳ ಕೆಲಸದಲ್ಲಿನ ದೌರ್ಬಲ್ಯ ಇದಕ್ಕೆ ಮುಖ್ಯ ಕಾರಣ. ಲಾಲಾರಸದ ತೊಳೆಯುವ ಶಕ್ತಿ ಕಡಿಮೆಯಿರುವುದು, ಬಾಯಿ ಉಸಿರಾಟ, ಸರಿಯಾಗಿ ಹಲ್ಲುಜ್ಜಲಾಗದಿರುವುದು ಅದಕ್ಕೆ ಕೈಜೋಡಿಸುತ್ತವೆ. ಕೆಳದವಡೆಯ ಮುಂಭಾಗದ ಹಲ್ಲುಗಳ ಬೇರು ಗಿಡ್ಡ. ಅವು ಮೊದಲು ಅಲುಗಾಡಿ ಬೀಳುತ್ತವೆ. ಹುಳುಕಿಲ್ಲದ ಹಲ್ಲು ಯೌವನದಲ್ಲೇ ಉದುರುವುದು ಹೀಗೆ. ಹೃದಯದ ದೋಷವಿರುವ ಮಗುವಿನಲ್ಲಿ ಸೋಂಕಿತ ವಸಡಿನ ಸೂಕ್ಷ್ಮಾಣುಗಳು ರಕ್ತಕ್ಕೆ ಸೇರಿ ಹೃದಯದ ಒಳಪದರಕ್ಕೆ ತಗುಲುವ ಅಪಾಯವೂ ಇದೆ.

ಊಟ ಮತ್ತು ನುಂಗುವಿಕೆ

ತುತ್ತು ಉಂಡೆಯಾಗಿ ಜಾರಲು ಲಾಲಾರಸ ಬೇಕೇ ಬೇಕು. ರಸ ಕಡಿಮೆಯಿರುವ ಮಗು ಒಣ ಚಪಾತಿ, ಬಿಸ್ಕತ್ತು, ಗಟ್ಟಿ ಅವಲಕ್ಕಿಯನ್ನು ಬಾಯಲ್ಲೇ ಇಟ್ಟುಕೊಂಡು ಕೂರುತ್ತದೆ ಇಲ್ಲವೇ ಉಗುಳುತ್ತದೆ. ಇದನ್ನು ಹಟವೆಂದು ತಿಳಿದು ಗದರಿಸುವವರುಂಟು. ಸಾರು, ಮಜ್ಜಿಗೆ, ತಿಳಿ ಬೇಳೆಯಲ್ಲಿ ನೆನೆಸಿ ಕೊಟ್ಟರೆ ಅದೇ ಆಹಾರವನ್ನು ಮಗು ಉಣ್ಣಬಹುದು.

ಇವರಲ್ಲಿ ಕೆಲವು ಮಕ್ಕಳಿಗೆ ನುಂಗುವಾಗ ಆಹಾರ ಇಲ್ಲವೇ ಜೊಲ್ಲು ಶ್ವಾಸನಾಳಕ್ಕೆ ಇಳಿಯುತ್ತದೆ. ಆಗ ಕೆಮ್ಮು ಬಾರದೇ ಇರುವುದೂ ಉಂಟು. ಪದೇ ಪದೇ ಎದೆಯ ಸೋಂಕು ಬರುತ್ತಿದ್ದರೆ ಈ ದೃಷ್ಟಿಯಿಂದಲೂ ಪರೀಕ್ಷೆಯಾಗಬೇಕು.

ಜೊಲ್ಲು ನಿಲ್ಲಿಸುವ ಔಷಧಿ: ಎಚ್ಚರವಿರಲಿ

ಜೊಲ್ಲು ತಗ್ಗಿಸಲು ಗ್ಲೈಕೊಪೈರೊಲೇಟ್, ಟ್ರೈಹೆಕ್ಸಿಫೆನಿಡಿಲ್‌ನಂತಹ ಔಷಧಿಗಳು ಬಳಕೆಯಲ್ಲಿವೆ. ನರಗಳಿಂದ ಗ್ರಂಥಿಗೆ ಹೋಗುವ ಸಂದೇಶವನ್ನು ಇವು ತಡೆಯುತ್ತವೆ. ಮಿದುಳಿನ ಪಾರ್ಶ್ವವಾಯು ಇರುವ ಮಕ್ಕಳಲ್ಲಿ ಇವುಗಳಿಂದ ಪ್ರಯೋಜನವಾದ ಉದಾಹರಣೆಗಳು ಸಾಕಷ್ಟಿವೆ. ಆದರೆ ಡೌನ್ ಸಿಂಡ್ರೋಮ್ ಇರುವ ಮಗುವಿಗೆ ಇವನ್ನು ಕೊಡುವ ಮುನ್ನ ಮೂರು ಬಾರಿ ಯೋಚಿಸಬೇಕು.

ಮೊದಲನೆಯದಾಗಿ, ರಸವೇ ಕಡಿಮೆಯಿರುವಲ್ಲಿ ಅದನ್ನು ಮತ್ತಷ್ಟು ಕುಗ್ಗಿಸಿದರೆ ಹಲ್ಲು, ವಸಡಿಗೆ ಹಾನಿ. ಎರಡನೆಯದಾಗಿ, ಇವು ಮಲಬದ್ಧತೆ, ಮೂತ್ರ ಕಟ್ಟುವಿಕೆ, ಬೆವರು ತಗ್ಗಿ ಮೈ ಬಿಸಿಯಾಗುವುದು, ಕಫ ಗಟ್ಟಿಯಾಗುವುದು ಮುಂತಾದ ಅಡ್ಡಪರಿಣಾಮ ಬೀರುತ್ತವೆ. ಮಲಬದ್ಧತೆ ಈ ಮಕ್ಕಳನ್ನು ಮೊದಲೇ ಕಾಡುವ ಸಮಸ್ಯೆ. ಮೂರನೆಯದಾಗಿ, ಇದೇ ಗುಂಪಿಗೆ ಸೇರಿದ ಅಟ್ರೋಪಿನ್ ಔಷಧಿಗೆ ಡೌನ್ ಸಿಂಡ್ರೋಮ್ ಇರುವವರ ಕಣ್ಣಿನ ಪಾಪೆ ಮತ್ತು ಹೃದಯ ಬಡಿತ ಹೆಚ್ಚು ತೀವ್ರವಾಗಿ ಸ್ಪಂದಿಸುತ್ತವೆಂಬುದು ದಾಖಲಾದ ಸಂಗತಿ.

ನೆಗಡಿಗೆ ಕೊಡುವ ಕೆಲವು ಅಲರ್ಜಿ ನಿರೋಧಕ ಸಿರಪ್‌ಗಳೂ ಬಾಯಿ ಒಣಗಿಸುತ್ತವೆ. ಅಂಗಡಿಯಿಂದ ತಾವೇ ತಂದು ಕುಡಿಸುವುದು ಸಲ್ಲದು. ಗ್ರಂಥಿಗೆ ಬೊಟುಲಿನಮ್ ಚುಚ್ಚುಮದ್ದು ಕೊಡುವ ಪದ್ಧತಿಯೂ ಇದೆ. ಅದರ ಪರಿಣಾಮ ಕೆಲವು ತಿಂಗಳು ಮಾತ್ರ. ಯಾವ ದಾರಿ ಹಿಡಿಯುವ ಮೊದಲೂ 'ನಮ್ಮ ಮಗುವಿನಲ್ಲಿ ರಸ ಹೆಚ್ಚಿದೆಯೇ, ನುಂಗುವುದು ಕಡಿಮೆಯಿದೆಯೇ?' ಎಂಬ ಒಂದು ಪ್ರಶ್ನೆಯನ್ನು ಪೋಷಕರು ವೈದ್ಯರ ಮುಂದಿಡಬೇಕು.

ಪರೀಕ್ಷೆ ಹೇಗೆ?

ಲಾಲಾರಸದ ಹರಿವನ್ನು ಅಳೆಯುವುದು ಕಷ್ಟದ ಕೆಲಸವಲ್ಲ. ನಿಗದಿತ ನಿಮಿಷಗಳ ಕಾಲ ಬಾಯಲ್ಲಿ ಸೇರುವ ರಸವನ್ನು ಸಂಗ್ರಹಿಸಿ ನಿಮಿಷಕ್ಕೆ ಎಷ್ಟು ಮಿಲಿಲೀಟರ್ ಎಂದು ಲೆಕ್ಕ ಹಾಕುತ್ತಾರೆ. ವಯಸ್ಕರಲ್ಲಿ ಸುಮ್ಮನಿದ್ದಾಗ ಹರಿವು ನಿಮಿಷಕ್ಕೆ 0.1 ಮಿಲಿಲೀಟರ್‌ಗಿಂತ ಕೆಳಗಿದ್ದರೆ ಕೊರತೆಯೆಂದು ಪರಿಗಣಿತ. ಚಿಕ್ಕ ಮಕ್ಕಳಿಗೆ ಈ ಅಳತೆಯನ್ನು ಹಾಗೆಯೇ ಅನ್ವಯಿಸಲಾಗದು. ಗ್ರಂಥಿಗಳ ಇರವು, ಗಾತ್ರ ತಿಳಿಯಲು ಅಲ್ಟ್ರಾಸೌಂಡ್ ಸಾಕು. ಇದರಲ್ಲಿ ವಿಕಿರಣದ ಭಯವಿಲ್ಲ.

ಮನೆಯಲ್ಲೇ ಗುರುತಿಸಬಹುದಾದ ಲಕ್ಷಣಗಳೂ ಇವೆ. ನಾಲಿಗೆಯ ಅಡಿಯಲ್ಲಿ ತೇವ ನಿಲ್ಲದಿರುವುದು, ಜೊಲ್ಲು ನೀರಾಗಿರದೆ ನೊರೆಯಾಗಿ ಇಲ್ಲವೇ ಎಳೆಯಾಗಿ ಬರುವುದು, ರಾತ್ರಿ ಎದ್ದು ನೀರು ಕೇಳುವುದು, ಒಣ ಆಹಾರ ನುಂಗಲಾಗದಿರುವುದು, ಬಾಯಿಯ ದುರ್ವಾಸನೆ ಇದ್ದರೆ ದಂತವೈದ್ಯರಿಗೆ ತಿಳಿಸಬೇಕು.

ಈ ಕೆಳಗಿನ ಸಂದರ್ಭಗಳಲ್ಲಿ ತಡಮಾಡದೆ ವೈದ್ಯರನ್ನು ಕಾಣಬೇಕು:

* ಊಟದ ವೇಳೆ ಕೆಮ್ಮು, ಉಸಿರುಗಟ್ಟುವಿಕೆ, ಪದೇ ಪದೇ ನ್ಯುಮೋನಿಯಾ
* ಜೋರು ಗೊರಕೆ, ನಿದ್ದೆಯಲ್ಲಿ ಉಸಿರು ನಿಂತಂತಾಗುವುದು
* ವಸಡಿನಲ್ಲಿ ರಕ್ತ, ಅಲುಗಾಡುವ ಹಲ್ಲು, ಕೆನ್ನೆಯ ಊತ
* ಇದ್ದಕ್ಕಿದ್ದಂತೆ ಜೊಲ್ಲು ಹೆಚ್ಚಾಗಿ ಜ್ವರ, ಉಸಿರಾಟದ ತೊಂದರೆ ಕಾಣಿಸಿದರೆ ತುರ್ತು ಚಿಕಿತ್ಸೆ

ಡೌನ್ ಸಿಂಡ್ರೋಮ್ ಇರುವ ಮಕ್ಕಳಿಗೆ ನಾಲ್ಕು ವರ್ಷ ತುಂಬುವುದರೊಳಗೆ ಒಮ್ಮೆ ನಿದ್ರಾ ಪರೀಕ್ಷೆ ಮಾಡಿಸಬೇಕೆಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಸಲಹೆ ನೀಡಿದೆ. ಮೂಗಿನ ದಾರಿ ಸರಿಯಾದರೆ ಬಾಯಿ ಮುಚ್ಚುತ್ತದೆ. ಬಾಯಿ ಮುಚ್ಚಿದರೆ ಜೊಲ್ಲೂ ತಗ್ಗುತ್ತದೆ, ಒಣಗುವುದೂ ತಪ್ಪುತ್ತದೆ.

ಮನೆಯಲ್ಲಿ ಆರೈಕೆ

ಮೊದಲ ಹಲ್ಲು ಮೂಡುವ ಮುನ್ನವೇ ಶುಭ್ರವಾದ ಒದ್ದೆ ಬಟ್ಟೆಯಿಂದ ವಸಡು ಒರೆಸುವುದನ್ನು ರೂಢಿಸಬೇಕು. ಹಲ್ಲು ಬಂದ ಮೇಲೆ ದಿನಕ್ಕೆರಡು ಬಾರಿ ಮೃದು ಬ್ರಷ್‌ನಿಂದ ಪೋಷಕರೇ ಉಜ್ಜಬೇಕು. ಮೂರು ವರ್ಷದೊಳಗಿನ ಮಕ್ಕಳಿಗೆ ಅಕ್ಕಿಕಾಳಿನಷ್ಟು, ನಂತರ ಬಟಾಣಿಯಷ್ಟು ಫ್ಲೋರೈಡ್ ಪೇಸ್ಟ್ ಸಾಕು. ಅಂತರ್ಜಲದಲ್ಲಿ ಫ್ಲೋರೈಡ್ ಅಂಶ ಹೆಚ್ಚಿರುವ ಕೋಲಾರದಂತಹ ಪ್ರದೇಶಗಳಲ್ಲಿ ಪೇಸ್ಟ್ ಬಗ್ಗೆ ದಂತವೈದ್ಯರನ್ನು ಕೇಳುವುದು ಒಳಿತು.

ದಿನವಿಡೀ ಆಗಾಗ ಗುಟುಕು ನೀರು ಕುಡಿಸಿ. ನುಂಗುವ ತೊಂದರೆ ಇದ್ದರೆ ತಜ್ಞರು ಹೇಳಿದ ರೀತಿಯಲ್ಲೇ ಕೊಡಿ. ಮಲಗುವಾಗ ಹಾಲಿನ ಬಾಟಲಿ ಬೇಡ. ಸಿಹಿ ಸಿರಪ್ ಕುಡಿಸಿದ ನಂತರ ಬಾಯಿ ತೊಳೆಸಿ. ತುಟಿಗೆ ಬೆಣ್ಣೆಯನ್ನೋ ವ್ಯಾಸಲೀನನ್ನೋ ಹಚ್ಚಿ. ಗಲ್ಲವನ್ನು ಉಜ್ಜಿ ಒರೆಸದೆ, ಮೆತ್ತಗೆ ಒತ್ತಿ ಒರೆಸಿದರೆ ಚರ್ಮ ಕೆಡುವುದಿಲ್ಲ.

ಬಾಯಿಯ ಸ್ನಾಯುಗಳಿಗೆ ಕಸರತ್ತು ಮುಖ್ಯ. ಸ್ಟ್ರಾ ಮೂಲಕ ಹೀರುವುದು, ಪೀಪಿ ಊದುವುದು, ತುಟಿ ಮುಚ್ಚಿ 'ಮ್' ಎನ್ನುವುದು ಆಟದ ರೂಪದಲ್ಲೇ ನಡೆಯಲಿ. ಯಾವ ವಯಸ್ಸಿಗೆ ಯಾವ ಕಸರತ್ತು ಎಂಬುದನ್ನು ವಾಕ್ ಚಿಕಿತ್ಸಕರು ತೀರ್ಮಾನಿಸುತ್ತಾರೆ. ಅರ್ಜೆಂಟೀನಾದ ವೈದ್ಯ ಕಾಸ್ತಿಯೋ ಮೊರಾಲೆಸ್, ನಾಲಿಗೆಯನ್ನು ಒಳಗೆಳೆದುಕೊಳ್ಳಲು ಪ್ರಚೋದಿಸುವ ಅಂಗುಳದ ತಟ್ಟೆಯೊಂದನ್ನು ರೂಪಿಸಿದ್ದು, ಹಲವು ದೇಶಗಳಲ್ಲಿ ಅದು ಬಳಕೆಯಲ್ಲಿದೆ.

ಮಗುವಿಗೆ ಒಂದು ವರ್ಷ ತುಂಬುವ ಹೊತ್ತಿಗೆ, ಹಲ್ಲು ಬಾರದಿದ್ದರೂ, ಮೊದಲ ದಂತ ತಪಾಸಣೆಯಾಗಲಿ. ನಂತರ ಕನಿಷ್ಠ ಆರು ತಿಂಗಳಿಗೊಮ್ಮೆ ಭೇಟಿ ತಪ್ಪದಿರಲಿ. ಹೃದಯದ ದೋಷವಿದ್ದರೆ ದಂತವೈದ್ಯರಿಗೆ ಮೊದಲೇ ತಿಳಿಸಬೇಕು. ಕೆಲವು ಚಿಕಿತ್ಸೆಗಳಿಗೆ ಮುನ್ನ ಆಂಟಿಬಯಾಟಿಕ್ ಬೇಕಾಗಬಹುದು. ಈ ಮಕ್ಕಳಲ್ಲಿ ಕತ್ತಿನ ಮೂಳೆಗಳ ಸಂದು ಸಡಿಲವಿರುವ ಸಂಭವವಿದ್ದು, ಕುರ್ಚಿಯಲ್ಲಿ ತಲೆಯನ್ನು ಹಿಂದಕ್ಕೆ ಅತಿಯಾಗಿ ಬಾಗಿಸಬಾರದು.

ಎಲ್ಲಿ ಸಿಗುತ್ತದೆ ನೆರವು?

ಕೇಂದ್ರ ಸರ್ಕಾರ 2013ರಲ್ಲಿ ಆರಂಭಿಸಿದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ಪಟ್ಟಿಯಲ್ಲಿ ಡೌನ್ ಸಿಂಡ್ರೋಮ್ ಸೇರಿದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳ ತಪಾಸಣೆ ನಡೆಸಿ, ಅಗತ್ಯವಿದ್ದವರನ್ನು ಜಿಲ್ಲಾ ಶೀಘ್ರ ಮಧ್ಯಸ್ಥಿಕೆ ಕೇಂದ್ರಗಳಿಗೆ ಕಳುಹಿಸುವುದು ಇದರ ಉದ್ದೇಶ. ಮಾತು ಮತ್ತು ನುಂಗುವಿಕೆಯ ತೊಂದರೆಗಳಿಗೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ತಜ್ಞರ ಸೇವೆ ಲಭ್ಯ. ಬೌದ್ಧಿಕ ವೈಕಲ್ಯ ಇರುವವರಿಗೆ ರಾಷ್ಟ್ರೀಯ ನ್ಯಾಸದ 'ನಿರಾಮಯ' ಯೋಜನೆಯಡಿ 1 ಲಕ್ಷ ರೂ.ವರೆಗೆ ಆರೋಗ್ಯ ವಿಮೆಯಿದೆ.

ಒಟ್ಟಿನಲ್ಲಿ, ಒದ್ದೆಯಾದ ಅಂಗಿಯನ್ನು ನೋಡಿ ಮಗುವಿನ ಬಾಯಿಯ ಸ್ಥಿತಿಯನ್ನು ಅಳೆಯಲಾಗದು. ಬಾಯಿ ತೆರೆದು ನೋಡಬೇಕು, ನಾಲಿಗೆ ವಸಡುಗಳನ್ನು ಮುಟ್ಟಿ ನೋಡಬೇಕು, ಮಗು ಹೇಗೆ ನುಂಗುತ್ತದೆಂಬುದನ್ನು ಗಮನಿಸಬೇಕು. ಮುಂದಿನ ಬಾರಿ ವೈದ್ಯರಲ್ಲಿಗೆ ಹೋದಾಗ ಪೋಷಕರು 'ಜೊಲ್ಲು ನಿಲ್ಲಿಸಿ' ಎನ್ನುವ ಬದಲು 'ನುಂಗುವುದನ್ನು ಕಲಿಸಿ' ಎಂದು ಕೇಳಿದರೆ, ಮಗುವಿನ ಹಲ್ಲುಗಳನ್ನು ಉಳಿಸುವ ಕೆಲಸ ಅಲ್ಲಿಂದಲೇ ಆರಂಭವಾಗುತ್ತದೆ.